ಹುಳದ ಮನೆಯ ಪಕ್ಕದ ರೂಮು

ನಿಮಗೂ ಹಿಂಗಾಗಿದ್ಯಾ, ಹೇಳಿ. ಯಾರೋ ಬಂದು "ನಿಮ್ಮ ಜೀವನದ ಸಣ್ಣಪುಟ್ಟ ಖುಷಿ ಯಾವುದು?" ಅಂತ ಕೇಳ್ತಾರೆ. ನೀವೂ ಒಳ್ಳೆ ಮೂಡಲ್ಲೇ ಇರ್ತೀರ. ಒಂದು ನೆನಪಾಗುತ್ತೆ. ನಿಜವಾದ ಖುಷಿನೇ, ಸುಳ್ಳಲ್ಲ. ಆದ್ರೆ ಅದರ ಬೆನ್ನಿಗೇ ಇನ್ನೊಂದು ನೆನಪು ಅಂಟ್ಕೊಂಡು ಬಂದು, ಅವತ್ತು ರಾತ್ರಿ ಊಟ ಸೇರಲ್ಲ. ಆಗಿದ್ಯಾ?

ನನಗಾಯ್ತು. ಹೋದ ತಿಂಗಳು ರಾಮನಗರದಲ್ಲಿ ನಮ್ಮ ಟೀಚರ್‌ಗಳಿಗೊಂದು ಟ್ರೈನಿಂಗ್ ಇತ್ತು. ಟ್ರೈನಿಂಗ್ ಅಂದ್ರೆ ಗೊತ್ತಲ್ಲ, ಬೆಳಗ್ಗೆ ಉಪ್ಪಿಟ್ಟು, ಮಧ್ಯಾಹ್ನ ತೂಕಡಿಕೆ, ಸಾಯಂಕಾಲ ಗ್ರೂಪ್ ಫೋಟೋ. ತೂಕಡಿಕೆ ಓಡಿಸೋಕೆ ಅಂತ ಬಂದಿದ್ದ ಸರ್ ಒಬ್ಬರು ಎಲ್ಲರ ಕೈಗೂ ಒಂದೊಂದು ಹಳದಿ ಚೀಟಿ ಕೊಟ್ಟು, "ನಿಮ್ಮ ದಿನನಿತ್ಯದ ಒಂದು ಪುಟ್ಟ ಸಂತೋಷ ಬರೀರಿ. ದೊಡ್ಡದು ಬೇಡ, ಪ್ರಮೋಷನ್ನು ಸೈಟು ಎಲ್ಲ ಬೇಡ" ಅಂದ್ರು. ಅಕ್ಕಪಕ್ಕದವರು ಟಕಟಕ ಬರೆದ್ರು. ಬೆಳಗಿನ ಕಾಫಿ. ಮಕ್ಕಳ ನಗು. ಒಬ್ಬರು 'ಎರಡನೇ ಶನಿವಾರ' ಅಂತ ಬರೆದು ಪೆನ್ನು ಮುಚ್ಚಿಬಿಟ್ರು. ಆ ರೂಮಲ್ಲಿ ಸತ್ಯ ಬರೆದಿದ್ದು ಅವರೊಬ್ಬರೇ ಅಂತ ಕಾಣುತ್ತೆ. ನಾನು ಯೋಚನೆನೂ ಮಾಡ್ದೆ ಬರೆದೆ: 'ಹುಳ ಸೊಪ್ಪು ತಿನ್ನೋ ಸದ್ದು.'

ಸರ್ ಅದನ್ನ ಮೈಕಲ್ಲಿ ಓದಿದ್ರು. "ನೋಡಿ, ರೇಷ್ಮೆ ಸೀಮೆ ಟೀಚರ್ ಅಂದ್ರೆ ಇವರು" ಅಂತ ಎಲ್ಲರ ಕೈಲೂ ಚಪ್ಪಾಳೆ ಹೊಡೆಸಿದ್ರು. ನಾನು ಎದ್ದು ನಿಂತು ಕೈನೂ ಮುಗಿದೆ. ನಾಚಿಕೆ ಇಲ್ಲದವಳು. ಕೂತ್ಕೊಂಡ ಮೇಲೆ ಆ ಚೀಟಿ ವಾಪಸ್ ಇಸ್ಕೊಂಡು ಹರಿದುಹಾಕೋಣ ಅನ್ನಿಸ್ತು. ಯಾಕೆ ಅಂತ ಹೇಳ್ತೀನಿ, ಒಸಿ ಉದ್ದ ಇದೆ, ಕೂತ್ಕೊಂಡು ಓದಿ.

ನನ್ನ ಮೊದಲ ಪೋಸ್ಟಿಂಗು ಬೈರಮಂಗಲದ ಕಡೆ ಒಂದು ಹಳ್ಳಿ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿತ್ತು. ಬಿಡದಿ ಸುತ್ತ ಕಂಪನಿಗಳು ಏಳ್ತಿದ್ದ ಕಾಲ. ಈ ಸೋಮವಾರ ಬಸ್ಸಿಂದ ರಾಗಿ ಹೊಲ ನೋಡಿರ್ತಿದ್ದೆ, ಮುಂದಿನ ಸೋಮವಾರ ಅದೇ ಜಾಗದಲ್ಲಿ ಕಲ್ಲುಕಂಬ ನೆಟ್ಟು ತಂತಿ ಎಳೆದಿರೋರು. ನಾನು ಚನ್ನಪಟ್ಟಣದ ಪೇಟೆ ಹುಡುಗಿ. ಸುತ್ತ ಹಳ್ಳಿಗಳೇ ಇದ್ರೂ ಹಳ್ಳಿ ಬಗ್ಗೆ ನನಗೆ ಗೊತ್ತಿದ್ದಿದ್ದು ಬಸ್ಸಿನ ಕಿಟಕೀಲಿ ಕಂಡಷ್ಟೇ. ಆದ್ರೂ ಟ್ರೈನಿಂಗ್ ಮುಗಿಸಿ ಕೆಲಸ ಸಿಕ್ಕಿದ ಹೊಸದು, ಹಳ್ಳಿ ಉದ್ಧಾರ ಮಾಡೋಕೆ ಹೊರಟವಳ ಥರ ಒಂದು ಟ್ರಂಕು, ಒಂದು ಸ್ಟವ್ವು ತಗೊಂಡು ಇಳಿದೆ.

ಬಾಡಿಗೆಗೆ ರೂಮು ಸಿಕ್ಕಿದ್ದು ಕೆಂಪಮ್ಮ ಅನ್ನೋರ ಮನೇಲಿ. ಗಂಡ ತೀರಿಹೋಗಿದ್ರು, ಮಗ ನಾಗರಾಜ, ಸೊಸೆ ಮಂಜುಳ. ಉದ್ದನೆ ಹೆಂಚಿನ ಮನೆ. ಅರ್ಧ ಮನುಷ್ಯರಿಗೆ, ಇನ್ನರ್ಧ ರೇಷ್ಮೆ ಹುಳಕ್ಕೆ. ಹುಳದ ಮನೆ ಪಕ್ಕ ಸೊಪ್ಪು ಇಡ್ತಿದ್ದ ಸಣ್ಣ ರೂಮಿಗೆ ಸುಣ್ಣ ಬಳಿದು ನನಗೆ ಕೊಟ್ರು. ಬಾಗಿಲು ಬೀದಿ ಕಡೆಗೆ. ಮಧ್ಯದ ಗೋಡೆ ಸೂರಿನ ತನಕ ಇರಲಿಲ್ಲ, ಆಳೆತ್ತರಕ್ಕಿಂತ ಒಂದು ಮೊಳ ಮೇಲೆ ಹೋಗಿ ನಿಂತಿತ್ತು. ಅದರ ಮೇಲೆ ಗಾಳಿಗೂ ಮಾತಿಗೂ ಆ ಕಡೆ ಈ ಕಡೆ ಓಡಾಡೋಕೆ ದಾರಿ.

ಕೆಂಪಮ್ಮನೋರು ಟ್ರಂಕ್ ಇಳಿಸೋಕೆ ಮುಂಚೆನೇ ಕಾನೂನು ಹೇಳಿದ್ರು.

"ನೋಡವ್ವ ಟೀಚ್ರಮ್ಮ, ನಮ್ದು ಹುಳ ಸಾಕೋ ಮನೆ. ಪೌಡ್ರು ಮೆತ್ಕಂಡು ಆ ಬಾಗ್ಲು ತಾವ್ಕೆ ಬರಂಗಿಲ್ಲ. ಊದ್ಬತ್ತಿ ಹಚ್ಚಂಗಿದ್ರೆ ಬೀದೀಲಿ ಹಚ್ಕಳಿ, ದೇವ್ರು ಅಲ್ಲಿಂದ್ಲೇ ಕಾಪಾಡ್ತಾನೆ. ಸೊಳ್ಳೆ ಬತ್ತಿ ಅಂತೂ ಈ ಸೂರಿನಡೀಲಿ ಹೆಸ್ರೂ ಎತ್ತಂಗಿಲ್ಲ. ಅದ್ರ ಹೊಗೆ ಬಡುದ್ರೆ ಹುಳ ಕೈಬುಟ್ಟೋಯ್ತವೆ. ಸೊಳ್ಳೆ ಪರದೆ ಕೊಡ್ತೀನಿ, ಕಟ್ಕಳಿ."

"ಆಯ್ತಮ್ಮ."

"ಇನ್ನೊಂದು. ಮುಟ್ಟಾದ್ರೆ ಹುಳದ್ ಮನೆ ಹೊಸ್ಲು ತುಳೀಬ್ಯಾಡಿ. ನನ್ ಸೊಸೆಗೂ ಅದೇ ಕಾನೂನು, ನಿಮ್ಗೂ ಅದೇ."

ಅದಕ್ಕೂ ತಲೆ ಆಡಿಸಿದೆ. ಓದಿರೋಳಲ್ವಾ, ಮನಸ್ಸಲ್ಲೇ ಪೇಪರ್ ತಿದ್ದಿದೆ. ಸೊಳ್ಳೆ ಬತ್ತಿದು ವಿಜ್ಞಾನ, ಸರಿ. ಮುಟ್ಟಿಂದು ಮೂಢನಂಬಿಕೆ, ತಪ್ಪು. ಅಷ್ಟು ಚೆನ್ನಾಗಿ ಗೊತ್ತಿತ್ತು ನನಗೆ. ಕೊನೆಗೆ ನಾನು ಮುರಿದಿದ್ದು ವಿಜ್ಞಾನದ್ದನ್ನ.

ಮಂಜುಳ ನನ್ನ ವಯಸ್ಸಿನವಳೇ, ಹೊಂಗನೂರಿನ ಕಡೆ ಹುಡುಗಿ. ಹುಟ್ಟಿದಾಗಿಂದ ಹುಳದ ತಟ್ಟೆ ಪಕ್ಕದಲ್ಲೇ ಬೆಳೆದವಳು. ಆ ಮನೇಲಿ ಅವಳು ಮಾಡಿದ್ದೆಲ್ಲ ತಪ್ಪೇ. ಸಾರಿಗೆ ಉಪ್ಪು ಜಾಸ್ತಿ, ಮುದ್ದೆ ಗಂಟು, ನಗು ಜೋರು. ಹುಳದ ವಿಷಯಕ್ಕೆ ಬಂದ್ರೆ ಮಾತ್ರ ಅತ್ತೆ ಬಾಯಿ ಕಟ್ಟೋದು. "ಸಾರು ಮಾಡಕ್ ಬರಾಕಿಲ್ಲ, ಹುಳ ಮಾತ್ರ ಇವ್ಳ ಮಾತು ಕೇಳ್ತವೆ ಕಣವ್ವ" ಅಂತ ನನ್ನ ಹತ್ರ ಒಂದು ಸಲ ಅಂದಿದ್ರು. ಬೈಗುಳದ ಥರಾನೇ ಹೇಳಿದ್ರು, ಆದ್ರೂ ಮಂಜುಳ ಅವತ್ತೆಲ್ಲ ಖುಷಿಯಾಗಿದ್ಲು. ಆ ಮನೇಲಿ ಅವಳಿಗೆ ಇದ್ದ ಮರ್ಯಾದೆ ಅಷ್ಟೇ. ಹುಳದ ಮನೆ ಬಾಗಿಲ ಒಳಗಡೆ ಇದ್ದಷ್ಟು.

ಒಂದು ಸಾಯಂಕಾಲ ಸ್ಕೂಲಿಂದ ಬಂದವಳನ್ನ ಕೈ ಹಿಡ್ಕೊಂಡು ಎಳ್ಕೊಂಡು ಹೋದ್ಲು.

"ಬನ್ನಿ ಮೇಡಮ್, ಒಂದು ತಮಾಷೆ ತೋರುಸ್ತೀನಿ. ಪೌಡ್ರು ಹಾಕಿಲ್ಲ ತಾನೇ?"

"ಇಲ್ಲ ಕಣೇ. ಹಾಕ್ಕೊಂಡಿದ್ದೆಲ್ಲ ಮಕ್ಕಳ ಹತ್ರ ಕಿರುಚಿ ಕಿರುಚಿ ಬೆವರಲ್ಲಿ ಹೋಯ್ತು."

"ಕಣ್ ಮುಚ್ಕಳಿ. ಉಸ್ರೂ ಮೆಲ್ಲುಕ್ ಬುಡಿ."

ಹುಳ ನಾಲ್ಕನೇ ಜ್ವರ ಎದ್ದಿದ್ವು. ಹುಳ ಪೊರೆ ಬಿಡೋ ಮುಂಚೆ ತಿನ್ನದೆ ಮಲಗುತ್ತಲ್ಲ, ಅದಕ್ಕೆ ಜ್ವರ ಅಂತಾರೆ. ನಾಲ್ಕನೇದು ಎದ್ದ ಮೇಲೆ ಒಂದು ವಾರ ಬಕಾಸುರನ ಹೊಟ್ಟೆ. ಆಗ ತಾನೇ ಸೊಪ್ಪು ಹಾಕಿದ್ಲು. ಕಣ್ಣು ಮುಚ್ಚಿದ್ರೆ ಆ ಕತ್ತಲೆ ಮನೆ ತುಂಬ ಚರಚರ ಚರಚರ.

"ಏನ್ ಕೇಳುಸ್ತೈತೆ?"

"ಮಳೆ."

"ಎಲ್ರೂ ಅದ್ನೇ ಅಂತಾರೆ. ನೀವು ಟೀಚ್ರು ಕಣ್ರೀ, ಒಸಿ ಚೆನ್ನಾಗಿ ಹೇಳಿ."

ಮತ್ತೆ ಕೇಳಿದೆ. "ಮೂವತ್ತು ಮಕ್ಕಳು ತಲೆ ಬಗ್ಗಿಸ್ಕೊಂಡು ಒಟ್ಟಿಗೆ ಸ್ಲೇಟ್ ಮೇಲೆ ಬರೀತಾ ಇದ್ದಂಗಿದೆ" ಅಂದೆ. ಅವಳಿಗೆ ನಗು ತಡೆಯೋಕಾಗ್ಲಿಲ್ಲ, ಸೆರಗು ಬಾಯಿಗಿಟ್ಕೊಂಡ್ಲು. "ನಿಂಗೇನು ಕೇಳುತ್ತೆ?" ಅಂದೆ.

"ನಂಗಾ? ಎಲ್ರೂ ಸುಮ್ಕೆ ಉಣ್ಣೋ ಸದ್ದು. ಉಪ್ಪು ಜಾಸ್ತಿ, ಹುಳಿ ಕಮ್ಮಿ ಅನ್ದಲೆ ಈ ಮನೇಲಿ ಉಣ್ಣೋರು ಇವೇ ಕಣ್ ಮೇಡಮ್."

ಆಮೇಲೆ ದಿನಾ ಸ್ಕೂಲ್ ಬಿಟ್ಟ ಮೇಲೆ ಐದು ನಿಮಿಷ ಅಲ್ಲಿ ನಿಲ್ಲೋದು ನನಗೂ ಚಟ ಆಯ್ತು. ಸಣ್ಣ ಖುಷಿ ಅಂದ್ರೆ ಇದೇ ನೋಡಿ. ದುಡ್ಡಿಲ್ಲ ಕಾಸಿಲ್ಲ. ನಮ್ಮ ಸ್ಕೂಲಲ್ಲೂ ಅದೇ ಸೊಪ್ಪಿನ ಕಾರುಬಾರು. ಮಕ್ಕಳು ಹಿಪ್ಪುನೇರಳೆ ಹಣ್ಣು ತಿಂದು ನೇರಳೆ ನಾಲಿಗೆ, ನೇರಳೆ ಬೆರಳು ಇಟ್ಕೊಂಡು ಬರೋವು. ಟೆಸ್ಟ್ ಪೇಪರ್ ಮೇಲೆಲ್ಲ ಹೆಬ್ಬೆಟ್ಟಿನ ಗುರುತು, ಪತ್ರ ರಿಜಿಸ್ಟರ್ ಮಾಡಿಸಿದಂಗೆ. ಕೂಡೋ ಲೆಕ್ಕ ತಪ್ಪಾಗಿದ್ರೂ ಆ ಬೆರಳಚ್ಚು ನೋಡಿ ಅರ್ಧ ಮಾರ್ಕು ಹಾಕ್ತಿದ್ದೆ.

ಆ ಪೇಪರ್‌ಗಳೇ ನನ್ನನ್ನ ಹಾಳು ಮಾಡಿದ್ದು. ಇಲ್ಲ, ಹಾಗನ್ನಬಾರದು. ನಾನೇ.

ಆ ಊರಲ್ಲಿ ಸೊಳ್ಳೆ ಅಂದ್ರೆ ಸೊಳ್ಳೆ. ಬೆಂಗಳೂರಿನ ಕೊಚ್ಚೆ ಎಲ್ಲ ಹರ್ಕೊಂಡು ಬಂದು ಕೆರೆ ಸೇರ್ತಿತ್ತು. ಬಸ್ಸಲ್ಲಿ ಕೆರೆ ಏರಿ ಮೇಲೆ ಬಂದ್ರೆ ನೊರೆ ಸಾಬೂನಿನ ಗುಡ್ಡೆ ಥರ ಎದ್ದಿರೋದು. ಸಂಜೆ ಆರಕ್ಕೆ ಬಾಯಿ ತೆಗೆದು ಮಾತಾಡಿದ್ರೆ ಎರಡು ಸೊಳ್ಳೆ ಒಳಗೆ. ಕೆಂಪಮ್ಮನೋರು ಕೊಟ್ಟ ಪರದೆ ಮಲಗೋಕೆ ಸರಿ. ಅದರೊಳಗೆ ಕೂತು ಪೇಪರ್ ತಿದ್ದೋದಕ್ಕೆ ಹೋದ್ರೆ ಲೈಟ್ ಸಾಲದು, ಪರದೆ ತಲೆಗೆ ಅಂಟೋದು. ಮದುವೆ ಹೆಣ್ಣಿನ ಮುಸುಕು ಹಾಕ್ಕೊಂಡು ಲೆಕ್ಕ ತಿದ್ದಿದಂಗಾಗೋದು. ಮಾರನೇ ದಿನ ಇನ್ಸ್‌ಪೆಕ್ಷನ್ ಅಂತ ಸುದ್ದಿ ಬಂತು. ನಲವತ್ತು ಪೇಪರ್ ಬಾಕಿ. ಬಿಡದಿಯಲ್ಲಿ ಒಂದು ಪ್ಯಾಕೆಟ್ ಸೊಳ್ಳೆ ಬತ್ತಿ ತಗೊಂಡು ಬ್ಯಾಗಿನ ತಳದಲ್ಲಿ ಇಟ್ಕೊಂಡು ಬಂದೆ.

ಮನೆಯೋರೆಲ್ಲ ಸೊಪ್ಪು ಕುಯ್ಯೋಕೆ ತೋಟಕ್ಕೆ ಹೋಗಿದ್ರು. ಬಾಗಿಲು ಹಾಕ್ಕೊಂಡೆ, ಕಿಟಕಿ ತೆಗೆದೆ, ಬತ್ತಿನ ಕಿಟಕಿ ಮೇಲೆ ಇಟ್ಟೆ. ಹೊಗೆ ಹೊರಗೆ ಹೋಗುತ್ತೆ, ಒಂದೇ ಒಂದು ಗಂಟೆ, ಅಂದ್ಕೊಂಡೆ. ಹೊಗೆಗೆ ಏನು ಗೊತ್ತು ಯಾವ ಕಡೆ ಹೋಗ್ಬೇಕು ಅಂತ. ಒಂದು ಸಲ ತಲೆ ಎತ್ತಿ ನೋಡಿದೆ, ಸಣ್ಣಗೆ ಎಳೆ ಎಳೆಯಾಗಿ ಗೋಡೆ ಮೇಲಿಂದ ಆಚೆಗೆ ಹೋಗ್ತಿತ್ತು. ನೋಡಿದೆ, ಮತ್ತೆ ತಲೆ ಬಗ್ಗಿಸಿ ಪೇಪರ್ ತಿದ್ದಿದೆ. ಇದನ್ನ ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಗೊತ್ತಿಲ್ಲದೆ ಆದ ತಪ್ಪಲ್ಲ ಅದು. ಅವರು ಬರೋ ಸದ್ದಾಗೋ ಹೊತ್ತಿಗೆ ಆರಿಸಿ, ಬೂದಿ ಆಚೆ ಎಸೆದು, ಏನೂ ಅರಿಯದವಳ ಥರ ಅನ್ನಕ್ಕೆ ಇಟ್ಟೆ.

ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳ. ಬೆಳಗ್ಗೆ ಎದ್ರೆ ಆ ಕಡೆಯಿಂದ ಚರಚರ ಸದ್ದಿಲ್ಲ. ಕೆಂಪಮ್ಮನೋರ ಕೂಗು. ಓಡಿ ಹೋಗಿ ಬಾಗಿಲಲ್ಲಿ ನಿಂತ್ಕೊಂಡೆ. ತಟ್ಟೆ ತಟ್ಟೇಲೂ ಹುಳ ತಲೆ ಎತ್ತಿ ಅತ್ತಿಂದಿತ್ತ ಆಡಿಸ್ತಾ, ಹಸಿರು ನೀರು ಕಕ್ತಾ ಇದ್ವು. ಮಂಜುಳ ಒಂದೊಂದನ್ನೇ ಅಂಗೈ ಮೇಲೆ ಇಟ್ಕೊಂಡು ಊದ್ತಿದ್ಲು, ಉಸಿರು ಕೊಡೋ ಥರ.

ಅವಳ ಗ್ರಹಚಾರಕ್ಕೆ ಅವತ್ತು ಬೆಳಗಿನ ಜಾವ ಅವಳು ಮುಟ್ಟಾಗಿದ್ಲು. ಕೂಗು ಕೇಳಿ ಅದನ್ನೂ ಮರೆತು ಒಳಗೆ ಓಡಿದ್ಲು. ಅತ್ತೆಗೆ ಗೊತ್ತಾಗಿದ್ದೇ ತಡ.

"ನೆನ್ನೆನೇ ಆಗಿದ್ದೆ ನೀನು! ಮುಚ್ಚಿಟ್ಕಂಡು ಸೊಪ್ಪು ಹಾಕಿದ್ದೀಯ!"

"ಇಲ್ಲ ಅತ್ತೆ, ನಮ್ಮವ್ವನಾಣೆ, ಬೆಳಿಗ್ಗೆ ಆಗಿದ್ದು."

"ಯಾರ್ ಕಂಡೋರು? ಹುಳ ಸುಮ್ ಸುಮ್ಕೆ ಕೈಬುಡ್ತವಾ? ಕಾಣೆನೇನೇ ನಿನ್ ಕೈಗುಣವಾ?"

ಪಕ್ಕದ ಮನೆಯೋರು ಒಬ್ಬರು ಇಣುಕಿ ನೋಡಿ, "ಕೆಂಪಕ್ಕ, ಟೀಚ್ರಮ್ಮ ಏನಾರ ಬತ್ತಿಗಿತ್ತಿ ಹಚ್ಚಿದ್ರಾ?" ಅಂದ್ರು. ನಾನು ಬಾಯಿ ತೆಗೆಯೋದಕ್ಕೆ ಮುಂಚೆನೇ ಕೆಂಪಮ್ಮನೋರು ಅವರ ಮೇಲೆ ಬಿದ್ರು: "ಬಾಯ್ ಮುಚ್ಲಾ. ಓದಿರೋರು ಕಣ್ಲಾ ಅವ್ರು. ಒಂದ್ಸತಿ ಹೇಳಿದ್ ಮಾತು ಮೀರೋರಲ್ಲ."

ಅಲ್ಲೇ ಹೇಳಬಹುದಿತ್ತು. ಎರಡೇ ಮಾತು. ಹಚ್ಚಿದ್ದು ನಾನು. ಮಂಜುಳ ನನ್ನ ಕಡೆ ನೋಡಿದ್ಲು, ಅನುಮಾನದಿಂದ ಅಲ್ಲ. ಇಷ್ಟು ಓದಿರೋ ನೀವಾದ್ರೂ ಮುಟ್ಟಿಗೂ ಹುಳಕ್ಕೂ ಸಂಬಂಧ ಇಲ್ಲ ಅಂತ ಹೇಳಿ, ಅನ್ನೋ ಥರ. ನಾನು ಗಡಿಯಾರ ನೋಡ್ಕೊಂಡೆ. "ಇನ್ಸ್‌ಪೆಕ್ಷನ್ ಇದೆ, ಲೇಟಾಗುತ್ತೆ" ಅಂತ ಬ್ಯಾಗ್ ತಗೊಂಡು ಹೊರಟೆ. ಇನ್ಸ್‌ಪೆಕ್ಟರ್ ಅವತ್ತು ಬರಲೇ ಇಲ್ಲ. ನಾನು ಮಾತ್ರ ನೋಟ್‌ಬುಕ್ ನೇರಳೆ ಬಣ್ಣ ಮಾಡ್ಕೊಂಡಿದ್ದಕ್ಕೆ ಒಂದು ಮಗುಗೆ ಹೊಡೆದೆ. ಅಲ್ಲಿಯವರೆಗೆ ಅದಕ್ಕೆ ಯಾರಿಗೂ ಹೊಡೆದವಳಲ್ಲ.

ಸಾಯಂಕಾಲ ಬಂದಾಗ ಹುಳ ಎಲ್ಲ ತಿಪ್ಪೆಗೆ ಹೋಗಿದ್ವು. ಆಮೇಲೆ ಕೆಂಪಮ್ಮನೋರು ಇನ್ನೊಂದು ಸಲ ಹುಳ ತಂದ್ರು, ಆದ್ರೆ ಮಂಜುಳನ್ನ ಒಳಗೆ ಬಿಡ್ಲಿಲ್ಲ. ಅವಳು ತೋಟದಿಂದ ಸೊಪ್ಪು ಹೊತ್ಕೊಂಡು ಬಂದು ಹೊಸಲ ಆಚೆ ಹಾಕಬೇಕು, ಅಷ್ಟೇ. ಒಂದಿನ ನಾನು ಸ್ಕೂಲಿಂದ ಬಂದಾಗ ಆ ಮುಚ್ಚಿದ ಬಾಗಿಲಿಗೆ ಕಿವಿ ಇಟ್ಕೊಂಡು ನಿಂತಿದ್ಲು. ನನ್ನ ಕಂಡು, ಕದ್ದು ಸಿಕ್ಕಿಬಿದ್ದವಳ ಥರ ಸರಿದು ಹೋದ್ಲು.

ಅತ್ತೆ ಒಬ್ಬರ ಕೈಲಿ ಆ ಬೆಳೆನೂ ಏಳ್ಲಿಲ್ಲ. ನಾಗರಾಜಂಗೆ ಮೊದಲಿಂದ್ಲೂ ತೋಟ ಕಂಪ್ನಿಗೆ ಕೊಡೋ ಮನಸ್ಸು, ತಾಯಿ ಬೇಡ ಅಂತ ಹಿಡ್ಕೊಂಡಿದ್ರು. "ಬುಡವ್ವ ಅತ್ಲಾಗೆ, ಹುಳನೇ ನಮ್ ಕೈಬುಟ್ಟವೆ, ಇನ್ನೇನ್ ಇಟ್ಕಂಡಿದ್ದೀಯ" ಅಂದ. ಅವರೂ ಹೂಂ ಅಂದುಬಿಟ್ರು. ತೋಟಕ್ಕೆ ಕಾಂಪೌಂಡ್ ಏಳೋ ಮುಂಚೆ ನಾನು ಬಸ್ಸಿನ ತೊಂದ್ರೆ ಅಂತ ನೆಪ ಹೇಳಿ ರೂಮ್ ಖಾಲಿ ಮಾಡಿದೆ. ಆಮೇಲೆ ಮಾಗಡಿ, ಈಗ ಕನಕಪುರ. ಸುತ್ತಮುತ್ತ ಎಲ್ಲರ ತೋಟನೂ ಹೋಯ್ತಲ್ಲ, ಇವರದೂ ಹೆಂಗಿದ್ರೂ ಹೋಗ್ತಿತ್ತು ಅಂತ ನನಗೆ ನಾನೇ ಎಷ್ಟು ವರ್ಷ ಹೇಳ್ಕೊಂಡೆ. ಇದ್ದರೂ ಇರಬಹುದು. ಆದ್ರೆ ಮಂಜುಳ ಮೇಲೆ ಬಂದ ಮಾತು ಕಂಪ್ನಿ ತಂದಿದ್ದಲ್ಲ.

ಹೋದ ತಿಂಗಳು ಆ ಟ್ರೈನಿಂಗಲ್ಲಿ ಚಪ್ಪಾಳೆ ಬಿದ್ದ ಮೇಲೆ ಮನೇಲಿ ಕೂರೋಕಾಗ್ಲಿಲ್ಲ. ಮುಂದಿನ ಎರಡನೇ ಶನಿವಾರ ಬಸ್ ಹತ್ತಿದೆ. ಹೆಂಚಿನ ಮನೆ ಇರಲಿಲ್ಲ, ಅದೇ ಜಾಗದಲ್ಲಿ ಆರ್‌ಸಿಸಿ ಮನೆ. ಮುಂದಿನ ರೂಮಲ್ಲಿ ಮಂಜುಳ ಮಿಷನ್ ತುಳೀತಾ ಬ್ಲೌಸ್ ಹೊಲೀತಿದ್ಲು. ತಲೆ ಅರ್ಧ ಬೆಳ್ಳಗಾಗಿದೆ. ನನ್ನ ಗುರುತು ಹಿಡಿದು ನಕ್ಕಳು. ಅವಳು ನಗ್ತಾ ಇರೋವಾಗ್ಲೇ ಹೇಳ್ಬಿಟ್ಟೆ. ಇಲ್ಲಾಂದ್ರೆ ಕಾಫಿ ಕುಡ್ಕೊಂಡು, ಮಕ್ಕಳೇನು ಓದ್ತಿದ್ದಾರೆ ಅಂತ ಕೇಳ್ಕೊಂಡು ವಾಪಸ್ ಬಂದುಬಿಡ್ತಿದ್ದೆ, ನನ್ನ ಬುದ್ಧಿ ನನಗೆ ಗೊತ್ತು.

"ಸೊಳ್ಳೆ ಬತ್ತಿ ನಾನು ಹಚ್ಚಿದ್ದೆ ಮಂಜುಳಾ. ಹಿಂದಿನ ಸಾಯಂಕಾಲ, ನೀವು ಸೊಪ್ಪಿಗೆ ಹೋಗಿದ್ದಾಗ. ಹುಳ ಸತ್ತಿದ್ದು ನನ್ನಿಂದ."

ಮಿಷನ್ ನಿಂತಿತು. ದಾರ ಹಲ್ಲಲ್ಲಿ ಕಚ್ಚಿ ಕಡಿದ್ಲು. "ಎಷ್ಟೊತ್ತು ಹಚ್ಚಿದ್ರಿ?"

"ಒಂದು ಗಂಟೆ."

ಸ್ವಲ್ಪ ಹೊತ್ತು ಬ್ಲೌಸಿನ ತೋಳು ತಿರುಗಿಸಿ ತಿರುಗಿಸಿ ನೋಡಿದ್ಲು. "ಈಗ ನಂಗ್ಯಾಕೆ ಹೇಳ್ತಿದ್ದೀರಾ?"

"ತಪ್ಪು ನಿಂದಲ್ಲ ಅಂತ ನಿನಗೆ ಗೊತ್ತಾಗ್ಲಿ ಅಂತ."

"ನಂದಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತಲ್ಲ ಮೇಡಮ್. ಗೊತ್ತಿಲ್ದಲೆ ಇದ್ದಿದ್ದು ನಮ್ಮತ್ತೆಗೆ. ಅವ್ರು ಹೋಗಿ ಮೂರ್ ವರ್ಷ ಆಯ್ತು. ಕೊನೇ ವಾರ ನೀರು ಕುಡ್ಸಕ್ಕೆ ಹೋದ್ರೂ 'ನಿನ್ ಕೈಗುಣ ಕಾಣೆನಾ' ಅಂತ ಮುಖ ತಿರುಗ್ಸಿದ್ರು. ಅವಾಗ ಬರ್ಬೇಕಿತ್ತು ನೀವು."

ನನಗೆ ಅಳು ಬಂತು. ಟೀಚರ್ ಅಳು ಗೊತ್ತಲ್ಲ, ಸದ್ದು ಮಾಡಿಯೇ ಅಳೋದು.

"ಅಳ್ಬೇಡಿ" ಅಂದ್ಲು. ಸಮಾಧಾನಕ್ಕಲ್ಲ, ಗದರಿಸಿದ್ದು. "ನೀವು ಅತ್ರೆ ನಾನು ಎದ್ದು ಬಂದು ಸಮಾಧಾನ ಮಾಡ್ಬೇಕಾಯ್ತದೆ. ನಂಗೆ ಈ ಬ್ಲೌಸು ಇವತ್ತು ಕೊಡ್ಬೇಕು."

ಕಣ್ಣೊರೆಸ್ಕೊಂಡು ಬಸ್ಸಿಗೆ ಹೊತ್ತಾಯ್ತು ಅಂತ ಎದ್ದೆ. ಹಳೇ ಚಾಳಿ.

"ಕೂತ್ಕಳಿ. ಇವ್ರು ಐದೂವರೆಗೆ ಕಂಪ್ನಿ ಬಸ್ಸಲ್ಲಿ ಬತ್ತಾರೆ. ಹೇಳೋದಿದ್ರೆ ಅವ್ರ ಮುಂದೆ ಹೇಳ್ಬುಟ್ಟು ಹೋಗಿ."

ಒಂದೂವರೆ ಗಂಟೆ ಕೂತಿದ್ದೆ. ಮಧ್ಯದಲ್ಲಿ ಒಂದು ಬ್ಲೌಸ್ ನನ್ನ ಮಡಿಲಿಗೆ ಹಾಕಿ, "ಸುಮ್ಕೆ ಕೂತಿರೋ ಬದ್ಲು ಹುಕ್ಕಾದ್ರೂ ಹಾಕ್ಕೊಡಿ" ಅಂದ್ಲು. ಹಾಕ್ಕೊಟ್ಟೆ. ಎರಡನ್ನ ಬಿಚ್ಚಿ ಅವಳೇ ಮತ್ತೆ ಹಾಕಿದ್ಲು.

ನಾಗರಾಜಣ್ಣ ಬಂದ್ರು. ಟೋಪಿ ತೆಗೆದು, "ಓಹೋ ಟೀಚ್ರಮ್ಮ!" ಅಂತ ಖುಷಿಯಾಗಿ ಕೂತ್ರು. ನಿಂತ್ಕೊಂಡು ಹೇಳಿದೆ, ಒಂದೂ ಬಿಡದೆ. ಗೋಡೆ ಮೇಲೆ ಹೊಗೆ ಹೋಗಿದ್ದು ನೋಡಿದ್ದೂ ಹೇಳಿದೆ. ಅವರು ಹೆಂಡತಿ ಮುಖ ನೋಡಲಿಲ್ಲ. ನಕ್ಕರು.

"ಅಯ್ಯೋ ಬುಡಿ ಮೇಡಮ್, ಯಾವ್ ಕಾಲ್ದು ಅದು. ಈಗ್ಯಾಕೆ."

ಮಂಜುಳ ಮಿಷನ್ ಮೇಲಿಂದ ತಲೆ ಎತ್ತಲಿಲ್ಲ. "ಯಾವ್ ಕಾಲ್ದು ಅಂತ ಇವಾಗ ಗ್ಯಾನ ಬಂತಾ? ಹೋದ್ ಸೋಮ್ವಾರ ಹಾಲು ಒಡುದ್ರೆ 'ನಿನ್ ಕೈ ಬಿದ್ರೆ ಇನ್ನೇನಾದಾತು, ಹುಳ ತಿಂದೋಳು' ಅಂದ್ರಲ್ಲ. ಸೋಮ್ವಾರ ಯಾವ್ ಕಾಲ್ದು ಅನ್ನುಸ್ಲಿಲ್ವಾ ನಿಮ್ಗೆ?"

ನಾಗರಾಜಣ್ಣ ಟೋಪಿ ಕೈಲಿ ತಿರುಗಿಸ್ತಾ ಕೂತ್ರು. ಅವಳು ಎದ್ದು ಒಳಗೆ ಹೋಗಿ ಟೀಗಿಟ್ಟಳು. ಮೂರು ಲೋಟ ತಂದ್ಲು. ನನ್ನ ಕ್ಷಮಿಸಿದ್ಲು ಅಂತಲ್ಲ, ಮನೆಗೆ ಬಂದೋರಿಗೆ ಇಡಬೇಕಲ್ಲ ಅಂತ. ಸಕ್ಕರೆ ಜಾಸ್ತಿ, ಕಮ್ಮಿ ಅನ್ನದೆ ಮೂವರೂ ಕುಡಿದ್ವಿ. ಬಸ್ ಹತ್ತಿಸೋಕೆ ಅವಳು ಬರಲಿಲ್ಲ. ಅದೂ ಸರಿನೇ.

ಇನ್ನು ನಿಮ್ಮ ಸರದಿ. ನೀವು ಮಾಡಿದ್ದಕ್ಕೆ ಇನ್ಯಾರೋ ಮಾತು ಕೇಳಿದ್ದಿದ್ರೆ, ಇನ್ನೂ ಕೇಳ್ತಾ ಇದ್ರೆ, ಇಲ್ಲಿ ಕಾಮೆಂಟಲ್ಲಿ ಬರೀರಿ, ನಾನು ಒಂದೊಂದನ್ನೂ ಓದ್ತೀನಿ. ಆದ್ರೆ ಒಂದು ಮಾತು. ಮೊದಲು ಅವರ ಮನೆಗೆ ಹೋಗಿ ಬನ್ನಿ. ಅವರೊಬ್ಬರ ಕಿವೀಲಿ ಹೇಳಿ ಬಂದ್ರೆ ಸಾಲದು, ಅವರನ್ನ ಅಂದೋರು ಮನೆಗೆ ಬರೋ ತನಕ ಕೂತಿದ್ದು, ಅವರ ಮುಂದೆ ಹೇಳಿ ಬನ್ನಿ. ಆಮೇಲೆ ಬರೀರಿ.